ವಸಿಷ್ಠನ ದಾರಿಗೆ ಬಣ್ಣ

ಅಂಬುಜಮ್ಮ ನಿಷ್ಠುರ ಹೆಂಗಸು. ಒಂದು ಸುಳ್ಳು ಹೇಳುವುದಕ್ಕೆ ಎಷ್ಟು ಕನಿಕರ ಬೇಕೋ ಅಷ್ಟೂ ಅವರಲ್ಲಿರಲಿಲ್ಲ. ವಿದ್ಯಾರಣ್ಯಪುರಂನ ಅವರ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿದರು; ಅಷ್ಟು ವರ್ಷದಲ್ಲಿ ಯಾರಿಗೂ ಅರ್ಧ ಅಂಕವನ್ನು ದಯೆಯಿಂದ ಕೊಟ್ಟವರಲ್ಲ. ನಜರ್‌ಬಾದಿನ ಲೂರ್ದುಮೇರಿ ಎಂಬ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಎರಡು ಅಂಕಕ್ಕೆ ನಪಾಸಾದಾಗ ಅವಳ ತಂದೆ ಮನೆ ಬಾಗಿಲಿಗೆ ಬಂದು ಕೈಮುಗಿದು ನಿಂತಿದ್ದ. "ಆ ಎರಡು ಅಂಕ ನಾನು ಹಾಕಿದರೆ ಅದು ನನ್ನದಾಗುತ್ತೆ, ನಿಮ್ಮ ಮಗಳದಾಗಲ್ಲ" ಎಂದು ಹೇಳಿ ಒಳಗೆ ಹೋದರು. ಹುಡುಗಿ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂತಳು.

ಹೊರಗಿನವರಿಗೆ ಒಂದು, ಮನೆಯವರಿಗೆ ಒಂದು ಎಂಬ ಭೇದವೂ ಅವರಿಗಿರಲಿಲ್ಲ. ತಮ್ಮ ವಸಿಷ್ಠ ಅವರಿಗಿಂತ ಐದು ವರ್ಷಕ್ಕೆ ಚಿಕ್ಕವನು. ಒಂಬತ್ತನೆಯ ವಯಸ್ಸಿನಿಂದ ಅವನಿಗೆ ಮೂರ್ಛೆರೋಗ. ಅಜ್ಜ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು, ತಂದೆ ಸಂಸ್ಕೃತ ಪಾಠಶಾಲೆಯಲ್ಲಿ ಪಂಡಿತರು. ಆ ಹೆಸರಿನ ಬಲದ ಮೇಲೆ ವಸಿಷ್ಠನಿಗೆ ಮೂರು ಸಂಬಂಧಗಳು ಬಂದವು. ಮೂರೂ ಸಲ ಹುಡುಗಿಯ ಕಡೆಯವರು ಕಾಫಿ ಲೋಟ ಕೆಳಗಿಡುವುದಕ್ಕೆ ಮೊದಲೇ ಅಂಬುಜಮ್ಮ ಹೇಳಿದರು: "ಹುಡುಗನಿಗೆ ಮೂರ್ಛೆ ಬರುತ್ತೆ. ಬಿದ್ದಾಗ ಬಾಯಲ್ಲಿ ನೊರೆ ಬರುತ್ತೆ, ಬಟ್ಟೆ ಒದ್ದೆಯಾಗುತ್ತೆ. ತಿಳಿದುಕೊಂಡು ಮುಂದುವರಿಯಿರಿ." ಯಾರೂ ಮುಂದುವರಿಯಲಿಲ್ಲ. ತಾಯಿ ಅತ್ತರು. "ಮಾತ್ರೆ ತಗೊಂಡ್ರೆ ತಿಂಗಳುಗಟ್ಟಲೆ ಬರಲ್ಲ, ಅದನ್ನಾದ್ರೂ ಹೇಳಬಾರದಿತ್ತೇನೇ?"

"ಅವರು ಕೇಳಿದ್ದರೆ ಹೇಳ್ತಿದ್ದೆ."

ವಸಿಷ್ಠ ಮಾತ್ರ ನಕ್ಕ. ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ. "ನಮ್ಮಕ್ಕ ನನ್ನ ಪ್ರೂಫನ್ನ ಎಷ್ಟು ಚೆನ್ನಾಗಿ ತಿದ್ದಿದಳು ಅಂದ್ರೆ, ಅಚ್ಚಿಗೆ ಹೋಗೋ ಹಾಗೇ ಇಲ್ಲ" ಎಂದ. ಆಮೇಲೆ ಅಂಬುಜಮ್ಮನೂ ಮದುವೆಯಾಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಂದೆ ತಾಯಿ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಆ ಮನೆಯಲ್ಲಿ ಉಳಿದರು. ವಸಿಷ್ಠ ಸ್ನಾನಕ್ಕೆ ಹೋದಾಗ ಬಾಗಿಲಿಗೆ ಅಗುಳಿ ಹಾಕಕೂಡದು, ಒಬ್ಬನೇ ರಸ್ತೆ ದಾಟಕೂಡದು. ಈ ಎರಡು ಕಟ್ಟಳೆಗಳ ಮೇಲೆ ನಲವತ್ತು ವರ್ಷ ಕಳೆದವು.

ಆ ವರ್ಷದ ಆಷಾಢದಲ್ಲಿ ಮಹಡಿಯ ಮನೆ ಖಾಲಿಯಿತ್ತು. ಆಷಾಢದಲ್ಲಿ ನಮ್ಮವರು ಯಾರೂ ಮನೆ ಬದಲಾಯಿಸುವುದಿಲ್ಲ. ಬದಲಾಯಿಸುವವರು ಗತಿಯಿಲ್ಲದವರು, ಇಲ್ಲವೇ ಆಷಾಢ ಎಂದರೇನೆಂದು ತಿಳಿಯದವರು. ಲೂರ್ದುಮೇರಿ ಕರೆದುಕೊಂಡು ಬಂದವರು ಎರಡೂ ಆಗಿದ್ದರು. ಎರಡು ಅಂಕಕ್ಕೆ ನಪಾಸಾಗಿದ್ದ ಆ ಹುಡುಗಿಗೆ ಈಗ ಐವತ್ತೆರಡು. ಸಾಯುವ ಹಂತದ ರೋಗಿಗಳಿಗಾಗಿ ಚರ್ಚಿನವರು ನಜರ್‌ಬಾದಿನಲ್ಲಿ ನಡೆಸುವ ಆಶ್ರಯದಲ್ಲಿ ಅಡುಗೆಮನೆ ಅವಳ ಕೈಯಲ್ಲಿತ್ತು.

"ಮಿಸ್, ಬ್ರೆಜಿಲ್‌ನಿಂದ ಬಂದವ್ರೆ. ನಮ್ಮ ಆಶ್ರಯದಲ್ಲಿ ಸೇವೆಗೆ. ಪಾದ್ರಿ ಸಾಮಿಗಳಲ್ಲ ಮಿಸ್, ಸಂಸಾರಸ್ಥರು. ಅವರ ದೇಶದಲ್ಲಿ ಹಂಗೇ, ಗಂಡ ಹೆಂಡ್ತಿ ಮಕ್ಕಳು ಸಮೇತ ಮಿಷನ್‌ಗೆ ಕಳಿಸ್ತಾರಂತೆ, ಐದು ವರ್ಷಕ್ಕೆ."

"ಮೊದಲು ಎಲ್ಲಿದ್ದರು?"

ಲೂರ್ದುಮೇರಿ ತಲೆ ಕೆರೆದುಕೊಂಡಳು. ಅಂಬುಜಮ್ಮನೆದುರು ಅವಳಿಗೆ ಇನ್ನೂ ಒಂಬತ್ತನೆಯ ತರಗತಿಯೇ. "ಎರಡು ಮನೆ ಬುಟ್ರು ಮಿಸ್. ಒಬ್ಬರು ಅಡುಗೆ ವಾಸನೆ ಅಂದ್ರು, ಇನ್ನೊಬ್ಬರು ಸಂಜೆ ಹಾಡ್ತಾರೆ ಅಂದ್ರು. ನಿಮ್ಮತ್ರ ಮುಚ್ಚಿಡಕ್ಕಾಯ್ತದಾ?"

ಅಂಬುಜಮ್ಮ ಅವರನ್ನು ನೋಡಿದರು. ಗಂಡ ಪೌಲೋ ನಲವತ್ತರ ಆಸುಪಾಸಿನ ಎತ್ತರದ ಆಳು, ಹಳೆಯ ಟೀಶರ್ಟು, ಬಾಣಲೆಯಷ್ಟು ಅಗಲದ ಅಂಗೈ. ಎದ್ದು ಕೂರಲಾಗದ ರೋಗಿಗಳ ಕೈಕಾಲು ಆಡಿಸುವ ಚಿಕಿತ್ಸೆ ಅವನ ವಿದ್ಯೆ. ಹೆಂಡತಿ ರೆನಾಟಾ ಸಣಕಲಿ, ಕಣ್ಣ ಕೆಳಗೆ ಕಪ್ಪು. ಎಂಟು ವರ್ಷದ ಮಗಳು ಲೀವಿಯಾ ತಾಯಿಯ ಹಿಂದೆ ನಿಂತಿತ್ತು. ಅಂಬುಜಮ್ಮನ ಷರತ್ತು ಮೂರು: ಮಾಂಸ ಮೊಟ್ಟೆ ಬೇಯಿಸಕೂಡದು, ಒಂಬತ್ತರ ಮೇಲೆ ಹಾಡಕೂಡದು, ಪ್ರಾರ್ಥನೆಗೆಂದು ಜನ ಸೇರಿಸಕೂಡದು. ರೆನಾಟಾ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಅಂಬುಜಮ್ಮ ಒಪ್ಪುತ್ತಿದ್ದರೋ ಇಲ್ಲವೋ, ಒಳಗಿನಿಂದ ವಸಿಷ್ಠ ಬಂದು ತನ್ನ ಪುಸ್ತಕದ ಇಂಗ್ಲಿಷಿನಲ್ಲಿ "ಬನ್ನಿ, ಕೂತುಕೊಳ್ಳಿ, ನಿಮ್ಮ ದೇಶದ ಕಾಫಿ ಎಂಥದು?" ಎಂದು ಕೇಳಿಬಿಟ್ಟ. ಕಾಫಿಯ ಮಾತು ಒಂದು ಗಂಟೆ ನಡೆಯಿತು.

ಮಹಡಿಗೆ ಹನ್ನೊಂದು ಪೆಟ್ಟಿಗೆಗಳು ಹತ್ತಿದವು. ನಾಲ್ಕನ್ನು ಬಿಚ್ಚಿದರು, ಏಳು ಪೆಟ್ಟಿಗೆ ಅಂಟುಪಟ್ಟಿ ಹಾಕಿದ ಹಾಗೇ ಗೋಡೆಗೆ ಒರಗಿ ನಿಂತವು. ಮತ್ತೆ ಕಟ್ಟುವ ಶಕ್ತಿ ನನಗಿಲ್ಲ ಎಂದು ರೆನಾಟಾ ವಸಿಷ್ಠನಿಗೆ ಹೇಳಿದಳಂತೆ. ಮೊದಲ ಮೂರು ತಿಂಗಳು ಅವಳು ಹೆಚ್ಚುಕಡಿಮೆ ಹೊರಗೇ ಬರಲಿಲ್ಲ. ಗಂಡ ಬೆಳಗ್ಗೆ ಎಂಟಕ್ಕೆ ಆಶ್ರಯಕ್ಕೆ ಹೋದರೆ ರಾತ್ರಿ ಬರುತ್ತಿದ್ದ. ಅವನಿಗೆ ದೇವರು ಕರೆದಿದ್ದ, ಅವಳನ್ನು ಗಂಡ ಕರೆದುಕೊಂಡು ಬಂದಿದ್ದ. ಮಧ್ಯಾಹ್ನದ ಹೊತ್ತು ಮಹಡಿಯ ಮೇಲೆ ಅವಳು ಅತ್ತಿಂದಿತ್ತ ನಡೆಯುವ ಸಪ್ಪಳ ಕೇಳುತ್ತಿತ್ತು. ನಡೆಯುವುದು ನಿಂತಾಗ ಅಳುತ್ತಿದ್ದಾಳೆಂದು ಅಂಬುಜಮ್ಮನಿಗೆ ಗೊತ್ತಾಗುತ್ತಿತ್ತು. ಅವರು ಮೇಲೆ ಹೋಗಿ ವಿಚಾರಿಸಲಿಲ್ಲ. ವಿಚಾರಿಸಿದರೆ ಏನಾದರೂ ಮಾಡಬೇಕಾಗುತ್ತದೆ.

ಹೋದವನು ವಸಿಷ್ಠ. ದಿನಾ ನಾಲ್ಕು ಗಂಟೆಗೆ ಮೆಟ್ಟಿಲು ಹತ್ತಿ ತಾಯಿಗೂ ಮಗಳಿಗೂ ಕನ್ನಡ ಹೇಳಿಕೊಡತೊಡಗಿದ. ಅವನ ಕನ್ನಡ ಕರಡು ತಿದ್ದುವವನ ಕನ್ನಡ. ಹೀಗಾಗಿ ರೆನಾಟಾ ತರಕಾರಿ ಗಾಡಿಯವನಿಗೆ "ತಾವು ಈ ಬದನೆಕಾಯಿಯನ್ನು ಪರಾಂಬರಿಸಬೇಕು" ಎಂದಳು, ಗಾಡಿಯವನು ಗಾಬರಿಯಾಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಸುಮ್ಮನೆ ಕೊಟ್ಟ. ಮನೆಯಲ್ಲಿ ಏನು ತಪ್ಪು ನಡೆದರೂ 'ಮುದ್ರಣದೋಷ' ಎನ್ನಬೇಕೆಂದು ಅವನು ಪೌಲೋನಿಗೆ ಕಲಿಸಿದ್ದ. ಹಾಲು ಚೆಲ್ಲಿದರೆ ಮುದ್ರಣದೋಷ, ನಲ್ಲಿ ಮುಚ್ಚಲು ಮರೆತರೆ ಮುದ್ರಣದೋಷ.

"ಗಂಟು ಬಿಚ್ಚದೋರು ನೆಂಟರು. ಬಿಚ್ಚಿದೋರು ಮನೆಯೋರು. ನೀವು ಯಾರು, ಹೇಳಿಬಿಡಿ" ಎಂದು ವಸಿಷ್ಠ ವಾರಕ್ಕೊಮ್ಮೆ ಅವಳನ್ನು ಛೇಡಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ಇನ್ನೂ ಮೂರು ಪೆಟ್ಟಿಗೆ ಬಿಚ್ಚಿದ್ದಾಯಿತು. ಹೊಸ ವರ್ಷ ಬರುವುದರೊಳಗೆ ಒಂದೂ ಉಳಿಯಲಿಲ್ಲ.

ಲೀವಿಯಾ ಬೆಳಗ್ಗೆ ಅಂಬುಜಮ್ಮ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುವಾಗ ಮೆಟ್ಟಿಲ ಮೇಲೆ ಕೂತು ನೋಡುತ್ತಿತ್ತು. ಒಂದು ದಿನ ಅಂಬುಜಮ್ಮ ಏನೂ ಹೇಳದೆ ರಂಗೋಲಿ ಬಟ್ಟಲನ್ನು ಅದರ ಕಡೆ ಸರಿಸಿದರು. ಹೊಗಳಲಿಲ್ಲ. "ಎಳೆ ದಪ್ಪ ಆಯ್ತು. ಅಳಿಸು" ಎಂದರು. ಹದಿನೈದು ದಿನ ಅಳಿಸಿದ ಮೇಲೆ ಒಂದು ಎಳೆ ಉಳಿಯಿತು. ವಸಿಷ್ಠ ದೇವರಾಜ ಮಾರುಕಟ್ಟೆಯಿಂದ ಬಣ್ಣದ ಪುಡಿಗಳನ್ನು ತರಿಸಿಕೊಟ್ಟ. ಆ ರಾತ್ರಿ ಊಟಕ್ಕೆ ಕೂತಾಗ ಅವನೇ ಹೇಳಿದ: "ಅಕ್ಕ, ಇವರೂರಲ್ಲಿ ಯೇಸುವಿನ ಮೆರವಣಿಗೆ ದಿನ ಬೀದಿ ಪೂರ್ತಿ ಬಣ್ಣ ಹಾಸ್ತಾರಂತೆ ಕಣೆ. ಮರದ ಹೊಟ್ಟಿಗೆ ಬಣ್ಣ ಕಲಸಿ, ಉಪ್ಪು, ಕಾಫಿ ಚರಟ, ಹೂವು, ಎಲ್ಲಾ ಸೇರಿಸಿ ಜಮಖಾನದ ಹಾಗೆ. ನಡುರಾತ್ರಿಯಿಂದ ಕೂತು ಮಾಡ್ತಾರಂತೆ. ದೇವರು ಅದರ ಮೇಲೆ ಒಂದೇ ಒಂದು ಸಲ ಹಾದುಹೋಗ್ತಾನೆ, ಅಲ್ಲಿಗೆ ಮುಗೀತು, ಎಲ್ಲಾ ಅಳಿಸಿಹೋಗುತ್ತೆ. ನಾವು ರಂಗೋಲಿ ಹಾಕೋದು ದೇವರು ಬರಲಿ ಅಂತ. ಅವರು ಹಾಕೋದು ದೇವರು ಹೋಗೋವಾಗ ಕಾಲಿಗೆ ಒತ್ತದೆ ಇರಲಿ ಅಂತ. ಚೆನ್ನಾಗಿದೆ, ಅಲ್ವೇನೆ?"

"ಮಾತ್ರೆ ತಗೊಂಡೆಯಾ?" ಎಂದರು ಅಂಬುಜಮ್ಮ.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ, ವಸಿಷ್ಠ ಬಚ್ಚಲುಮನೆಯಲ್ಲಿ ಬಿದ್ದ. ಸದ್ದು ಕೇಳಿ ಹೋದ ಅಂಬುಜಮ್ಮನಿಗೆ ಅವನನ್ನು ಎತ್ತಲು ಆಗಲಿಲ್ಲ. ಅಂಗಳಕ್ಕೆ ಬಂದು ಕೂಗಿದರು. "ಪೌಲೋ!" ಏಳು ತಿಂಗಳಲ್ಲಿ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ದಿನ ಅವನಿಗೆ ರಜೆ. ಮೆಟ್ಟಿಲುಗಳನ್ನು ಹಾರಿಕೊಂಡು ಬಂದು ವಸಿಷ್ಠನನ್ನು ಪಡಸಾಲೆಗೆ ತಂದು ಮಲಗಿಸಿ ಎದೆ ಒತ್ತತೊಡಗಿದ. ಆಂಬುಲೆನ್ಸ್ ಬರುವವರೆಗೆ, ಬಂದವರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ತಲೆಯಲ್ಲಾಡಿಸಿದ ಮೇಲೂ ಒತ್ತುತ್ತಲೇ ಇದ್ದ.

"ಸಾಕು" ಎಂದರು ಅಂಬುಜಮ್ಮ. "ಮೇಲೆ ಹೋಗಿ."

ಅವರು ಅಳಲಿಲ್ಲ. ಎದುರುಮನೆಯ ಸುಮಾ ಬಂದು ಅಪ್ಪಿಕೊಳ್ಳಲು ನೋಡಿದಳು. ಅಂಬುಜಮ್ಮ ಪಕ್ಕಕ್ಕೆ ಸರಿದು ದಾಯಾದಿ ತಮ್ಮ ಪವಮಾನನಿಗೆ ಫೋನ್ ಮಾಡಿದರು. ಪವಮಾನ ಹಾಸನದಲ್ಲಿದ್ದ, ಬ್ಯಾಂಕಿನಿಂದ ನಿವೃತ್ತನಾದವನು. ವಸಿಷ್ಠನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಕೊಳ್ಳಿ ಇಡುವ ಹಕ್ಕಿದ್ದ ಗಂಡಸು ಅವನೊಬ್ಬನೇ. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆಂದ. ದೇಹವನ್ನು ಬೆಳಗ್ಗೆಯವರೆಗೆ ಇರಿಸಿಕೊಳ್ಳಬೇಕಾಯಿತು. ಸಂಜೆ ರೆನಾಟಾ ಕೆಳಗೆ ಬಂದು ಬಾಗಿಲ ಬಳಿ ನಿಂತು, "ಅಮ್ಮ, ನಾವು ಏನನ್ನು ಮಾಡಬೇಕು?" ಎಂದು ಕೇಳಿದಳು.

"ಏನೂ ಬೇಡ."

ಅಲ್ಲಿಗೆ ಆ ಮಾತು ಮುಗಿಯಿತೆಂದು ಅಂಬುಜಮ್ಮ ತಿಳಿದಿದ್ದರು.

ಸಾವಿನ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಬರಿಯ ಅಂಗಳ ನೋಡಿಯೇ ಹಾಲಿನವನು ದನಿ ತಗ್ಗಿಸುತ್ತಾನೆ, ಹೂವಿನವಳು ಮುಂದಿನ ಮನೆಗೆ ಹೋಗುತ್ತಾಳೆ. ಸೂತಕ ಕಳೆಯುವವರೆಗೆ ಹೊಸ್ತಿಲು ಬೋಳಾಗಿರಬೇಕು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ, ಯಾಕೆಂದರೆ ತಿಳಿಯದವರು ಯಾರೂ ಇರುವುದಿಲ್ಲ. ಬೆಳಗ್ಗೆ ಸುಮಾಳ ಕೂಗಿಗೆ ಅಂಬುಜಮ್ಮ ಹೊರಗೆ ಬಂದರು.

"ಅಯ್ಯಯ್ಯೋ ಅಂಬುಜಮ್ಮೋರೇ! ಹೆಣ ಮನೇಲಿರೋವಾಗ ಬಾಗಿಲಿಗೆ ಬಣ್ಣ ಹಾಕಿದಾರಲ್ರೀ! ಏನು, ಹಬ್ಬಾನಾ ಇದು ಅವರಿಗೆ?"

ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬೀದಿಯ ನಡುವಿಗೆ, ನಾಲ್ಕಡಿ ಅಗಲಕ್ಕೆ ಬಣ್ಣ ಹಾಸಿತ್ತು. ನೀಲಿ, ಹಳದಿ, ಗುಲಾಬಿ. ಎರಡೂ ಅಂಚಿಗೆ ಒಣಗಿದ ಕಾಫಿ ಚರಟದ ಪಟ್ಟಿ, ಅದರೊಳಗೆ ಕಲ್ಲುಪ್ಪಿನ ಗೆರೆ. ನಡುವೆ ತೆರೆದ ಪುಸ್ತಕದ ಚಿತ್ರ, ಅದರ ಮೇಲೆ ಮಗುವಿನ ಕೈಯ ಅ ಆ ಇ ಈ. ಗೇಟಿನ ಬಳಿ ಅಂಬುಜಮ್ಮ ದಿನಾ ಹಾಕುತ್ತಿದ್ದ ಎಂಟೆಸಳಿನ ಕಮಲ. ತಾಯಿಯೂ ಮಗಳೂ ಮಂಡಿಯೂರಿ ಕೂತು ಕೊನೆಯ ಮೂಲೆಗೆ ಚೆಂಡುಹೂವಿನ ಎಸಳು ಉದುರಿಸುತ್ತಿದ್ದರು. ರೆನಾಟಾ ತಲೆಯೆತ್ತಿ ನೋಡಿದಳು. ಇಡೀ ರಾತ್ರಿ ಅತ್ತ ಮುಖ. ಆದರೂ ಅದರಲ್ಲಿ ಒಂದು ಸಮಾಧಾನವಿತ್ತು. ಈ ದೇಶಕ್ಕೆ ಬಂದ ಮೇಲೆ ತನಗೆ ಚೆನ್ನಾಗಿ ಗೊತ್ತಿದ್ದ ಒಂದು ಕೆಲಸವನ್ನು ಅವಳು ಮಾಡಿದ್ದಳು.

ಅದೇನೆಂದು ಆ ಬೀದಿಯಲ್ಲಿ ತಿಳಿದಿದ್ದವರು ಅಂಬುಜಮ್ಮ ಒಬ್ಬರೇ. ಅವರು ಬಾಯಿ ತೆರೆಯುವುದರೊಳಗೆ ಆಟೋ ಬಂದು ನಿಂತಿತು. ಪವಮಾನ ಇಳಿದದ್ದೇ ನೀಲಿಯ ಮೇಲೆ.

"ಏನಿದು?"

"ಮೇಲಿನ ಮಿಷನ್ನೋರ ಕೆಲಸ" ಎಂದಳು ಸುಮಾ. ಅವಳ ಫೋನಿನಲ್ಲಿ ಆಗಲೇ ಚಿತ್ರ ತೆಗೆದಾಗಿತ್ತು. "ನೋಡಿ ಸಾರ್, ಪುಸ್ತಕದ ಮಧ್ಯೆ ಗೆರೆ, ಅಡ್ಡಕ್ಕೆ ಪಟ್ಟಿ. ಶಿಲುಬೆ ಅಲ್ವಾ ಇದು?"

ಶಿಲುಬೆ ಇರಲಿಲ್ಲ. ಶಿಲುಬೆ ಬರಕೂಡದೆಂದು ರೆನಾಟಾ ಎಷ್ಟು ಎಚ್ಚರ ವಹಿಸಿದ್ದಳೆಂಬುದು ನೋಡಿದವರಿಗೆ ಕಾಣುವಂತಿತ್ತು. ಆದರೆ ಹುಡುಕುವವರಿಗೆ ಎರಡು ಗೆರೆ ಸೇರಿದಲ್ಲೆಲ್ಲ ಶಿಲುಬೆಯೇ. ಪೌಲೋ ಕೆಳಗೆ ಬಂದ. ಎಲ್ಲರ ಮುಖ ನೋಡಿ ಏನೋ ಕೆಟ್ಟಿತೆಂದು ಅವನಿಗೆ ತಿಳಿಯಿತು. ಕೈಮುಗಿದು, ಬಾಯಿಗೆ ಬಂದ ಒಂದೇ ಕನ್ನಡ ಪದವನ್ನು ಹೇಳಿದ: "ಮುದ್ರಣದೋಷ."

ಪವಮಾನ ಅವನನ್ನು ದಿಟ್ಟಿಸಿ, "ತಮಾಷೆ ಬೇರೆ" ಎಂದ.

ಅಳಿಸಲು ಸಮಯವಿರಲಿಲ್ಲ, ಪುರೋಹಿತರು ಬಂದಿದ್ದರು, ರಾಹುಕಾಲ ಹತ್ತಿರವಾಗುತ್ತಿತ್ತು. ಬೆಂಕಿಯ ಮಡಕೆ ಹಿಡಿದ ಪವಮಾನ ಮುಂದೆ, ಹಿಂದೆ ನಾಲ್ವರ ಹೆಗಲ ಮೇಲೆ ವಸಿಷ್ಠ. ಹೊತ್ತವರು ಬೇಕೆಂದೇ ಕಾಲೆಳೆದು ನಡೆದರು. ಹೆಂಗಸರು ಸ್ಮಶಾನಕ್ಕೆ ಹೋಗುವಂತಿಲ್ಲ. ಅಂಬುಜಮ್ಮ ಗೇಟಿನ ಬಳಿ ನಿಂತು ನೋಡಿದರು. ಒಬ್ಬನೇ ರಸ್ತೆ ದಾಟಲಾಗದವನು ಹಳದಿಯ ಮೇಲೆ, ನೀಲಿಯ ಮೇಲೆ, ತಾನು ಕಲಿಸಿದ ಅಕ್ಷರಗಳ ಮೇಲೆ ಹಾದುಹೋದ. ಒಂದೇ ಸಲ. ಅಂಬುಜಮ್ಮ ಒಳಗೆ ಹೋಗಲು ತಿರುಗಿದಾಗ ಅಂಗಳದಲ್ಲಿ ಕಲಸಿಹೋದ ಕೆಸರು ಬಣ್ಣ ಮಾತ್ರ ಇತ್ತು.

ಸಂಜೆ ಪವಮಾನ ಮಾತು ತೆಗೆದ. "ಅಂಬುಜಕ್ಕ, ನಾನು ಕೆಟ್ಟೋನಲ್ಲ. ಆದರೆ ನನಗೂ ಮನೆ ಮಕ್ಕಳು ಇದಾರೆ. ಹೆಣಕ್ಕೆ ಅಪಮಾನ ಆದ ಕಡೆ ಕರ್ಮ ಹಿಡಿದು ದೋಷ ಕಟ್ಟಿಕೊಳ್ಳೋಕೆ ನಂಗಾಗಲ್ಲ. ಹತ್ತನೇ ದಿನದೊಳಗೆ ಮೇಲ್ಗಡೆ ಖಾಲಿಯಾಗಬೇಕು. ಇಲ್ಲ ಅಂದ್ರೆ ಬೆರಳಿನ ದರ್ಭೆ ಪವಿತ್ರ ಬಿಚ್ಚಿಟ್ಟು ಬಸ್ ಹತ್ತೋನೇ ನಾನು."

"ಅಪಮಾನ ಆಯ್ತು ಅಂತ ಯಾರು ಹೇಳಿದ್ದು?"

"ಬೀದಿಗೆ ಬೀದಿಯೇ ಹೇಳ್ತಾ ಇದೆ. ಯಾಕೆ, ನಿನಗೆ ಹಾಗನ್ನಿಸಲಿಲ್ವಾ?"

ಸತ್ಯ ಅಂಬುಜಮ್ಮನಿಗೆ ಗೊತ್ತಿತ್ತು, ಕೇಳಿದವನೂ ಎದುರಿಗಿದ್ದ, ಆದರೂ ಹೇಳಲಿಲ್ಲ. ಹೇಳಿ ಅವನು ಸಿಟ್ಟಿಗೆದ್ದು ಹೋದರೆ? ಕರ್ಮ ಮಾಡುವ ಇನ್ನೊಬ್ಬ ದಾಯಾದಿ ಇಲ್ಲ. ಈಗೀಗ ಹೆಣ್ಣುಮಕ್ಕಳೂ ಮಾಡುತ್ತಾರೆಂದು ಅವರು ಓದಿದ್ದರು; ಓದಿದ್ದನ್ನು ತಮ್ಮನ ಮೇಲೆ ಪರೀಕ್ಷಿಸಿ ನೋಡುವ ಧೈರ್ಯ ಅವರಿಗಿರಲಿಲ್ಲ. ಹನ್ನೆರಡನೆಯ ದಿನ ಪಿಂಡ ಸೇರಿಸಿದರೆ ಸತ್ತವನು ತಂದೆ ತಾತಂದಿರ ಜೊತೆ ಸೇರುತ್ತಾನೆ, ಇಲ್ಲವಾದರೆ ಪ್ರೇತವಾಗಿ ಅಲೆಯುತ್ತಾನೆ ಎಂದು ತಂದೆ ಹೇಳುತ್ತಿದ್ದರು. ನಂಬುತ್ತೀಯಾ ಎಂದು ಅಂಬುಜಮ್ಮ ತಮ್ಮನ್ನೇ ತಾವು ಎಂದೂ ಕೇಳಿಕೊಂಡಿರಲಿಲ್ಲ. ಆದರೆ ಬಚ್ಚಲಿಗೆ ಹೋದರೂ ಹೊರಗೆ ಒಬ್ಬರು ಕಾಯಬೇಕಾಗಿದ್ದವನು ಗೊತ್ತಿಲ್ಲದ ಜಾಗದಲ್ಲಿ ಒಬ್ಬನೇ ಅಲೆಯುವುದು, ಬಿದ್ದರೆ ಹಿಡಿಯುವವರಿಲ್ಲದಿರುವುದು. ಆ ಯೋಚನೆಯಲ್ಲಿ ರಾತ್ರಿಗಳು ಬೆಳಗಾದವು.

ಮೂರನೆಯ ದಿನ ಅವರು ಮಹಡಿ ಹತ್ತಿದರು. ಏಳು ತಿಂಗಳಲ್ಲಿ ಮೊದಲ ಸಲ. ಒಳಗೆ ಗೋಡೆಗೆ ಪುಟ್ಟ ಯೇಸುವಿನ ಪಟ, ಅದರ ಪಕ್ಕದಲ್ಲಿ ವಸಿಷ್ಠ ಬರೆದುಕೊಟ್ಟ ಕಾಗುಣಿತದ ಹಾಳೆ, ಕಿಟಕಿಗೆ ಅವರ ದೇಶದ ಕಸೂತಿಯ ಪರದೆ. ಮನೆಯಂತೆ ಇದ್ದ ಮನೆ. ಅಂಬುಜಮ್ಮ ಕೂರಲಿಲ್ಲ.

"ಒಂಬತ್ತನೆಯ ದಿನದೊಳಗೆ ಖಾಲಿ ಮಾಡಿ."

ರೆನಾಟಾ ಅವರ ಮುಖವನ್ನೇ ನೋಡಿದಳು. "ಅಮ್ಮ, ನನ್ನ ತಪ್ಪು? ನಾನು ಅವರನ್ನು ಗೌರವಿಸಿದೆನು. ನಮ್ಮ ಊರಿನಲ್ಲಿ..."

"ಗೊತ್ತು" ಎಂದರು ಅಂಬುಜಮ್ಮ.

ಅದನ್ನು ಹೇಳಬಾರದಿತ್ತು. ತಿಳಿಯದೆ ಹೊರಗೆ ಹಾಕಿದ್ದರೆ ರೆನಾಟಾ ತಾಳಿಕೊಳ್ಳುತ್ತಿದ್ದಳೇನೋ; ಮೊದಲ ಎರಡು ಮನೆಗಳವರು ಹಾಗೆಯೇ ಮಾಡಿದ್ದರು. ತಿಳಿದೂ ಹಾಕುತ್ತಿದ್ದಾರೆ ಎಂದಾಗ ಅವಳಿಗೆ ಕೇಳಲು ಏನೂ ಉಳಿಯಲಿಲ್ಲ. ಮೂಲೆಯಲ್ಲಿ ಮಡಚಿಟ್ಟಿದ್ದ ಖಾಲಿ ಪೆಟ್ಟಿಗೆಗಳ ಕಡೆ ತಿರುಗಿ ಒಂದನ್ನು ತೆಗೆದು ನೆಲದ ಮೇಲೆ ಬಿಡಿಸಿಟ್ಟಳು. ಅಂಬುಜಮ್ಮ ಇನ್ನೂ ಅಲ್ಲಿ ನಿಂತಿದ್ದಾಗಲೇ.

ಐದನೆಯ ದಿನ ಲೂರ್ದುಮೇರಿ ಬಂದಳು. ಸೂತಕದ ಮನೆಯೆಂದು ಒಳಗೆ ಬರದೆ ಜಗುಲಿಯ ಮೇಲೆ ಕೂತಳು.

"ಮಿಸ್, ಪೊಲೀಸ್ನೋರ ಹತ್ರ ವಿಳಾಸ ಬರೆಸಬೇಕು ಅವ್ರು. ಬರೋ ತಿಂಗಳು ವೀಸಾ ಕಾಗದ ಹೋಗ್ಬೇಕು. ಮನೆ ಇಲ್ಲ ಅಂದ್ರೆ ಕಾಗದ ಇಲ್ಲ, ಕಾಗದ ಇಲ್ಲ ಅಂದ್ರೆ ಊರಿಗೆ ವಾಪಸ್. ಆಶ್ರಯದಲ್ಲಿ ಹದಿನಾಲ್ಕು ಜನ ಅವ್ನ ಕೈ ಕಾಯ್ತಾ ಮಲಗವ್ರೆ. ಆ ಯಮ್ಮ ಅನ್ನ ಬುಟ್ಟು ಕೂತದೆ."

"ನಾನೇನು ಮಾಡಲಿ?"

"ಅವ್ರು ಯಾಕಂಗ್ ಮಾಡಿದ್ರು ಅಂತ ನಿಮಗೆ ಗೊತ್ತಿತ್ತಂತೆ, ಹೌದಾ?"

"ಹೌದು."

"ಆ ಪವಮಾನ್ ಸಾರ್‌ಗೆ ಹೇಳಿದ್ರಾ?"

"ಇಲ್ಲ."

ಲೂರ್ದುಮೇರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಎರಡು ಅಂಕಕ್ಕೆ ನನ್ನ ಕೂರಿಸಿದ್ರಿ. ನಮ್ಮಪ್ಪ ಬೈದಾಗೆಲ್ಲ ನಾನು ನಿಮ್ಮ ಪರ ಮಾತಾಡ್ತಿದ್ದೆ. 'ನಮ್ಮ ಮಿಸ್ಸು ಇದ್ದದ್ದು ಇದ್ದಂಗೆ ಹೇಳ್ತಾರೆ ಕಣಪ್ಪೋ, ಯಾರ ಮುಖಾನೂ ನೋಡಲ್ಲ' ಅಂತ." ಎದ್ದು ಚಪ್ಪಲಿ ಮೆಟ್ಟಿದಳು. "ಬ್ಯಾಡ ಬುಡಿ ಮಿಸ್. ನಿಮ್ಗೂ ದುಃಖ."

ಕನಿಕರವನ್ನು ಅಂಬುಜಮ್ಮ ಯಾರಿಂದಲೂ ಪಡೆದವರಲ್ಲ. ಆ ದಿನ ನಪಾಸಾದ ವಿದ್ಯಾರ್ಥಿನಿಯೊಬ್ಬಳಿಂದ ಪಡೆದರು.

ಎಂಟನೆಯ ದಿನ ಸರಕು ಆಟೋ ಬಂತು. ಹನ್ನೊಂದು ಪೆಟ್ಟಿಗೆಗಳೂ ಇಳಿದವು. ಪೌಲೋ ಒಬ್ಬನೇ ಹೊತ್ತ. ಬೀದಿಯವರು ಕೈಹಾಕಲಿಲ್ಲ, ಕಿಟಕಿಗಳಿಂದ ನೋಡಿದರು. ರೆನಾಟಾ ಮಹಡಿ ಗುಡಿಸಿ, ನೆಲ ಸಾರಿಸಿ, ಬೀಗದ ಕೈ ತಂದು ಜಗುಲಿಯ ಮೇಲಿಟ್ಟಳು. ಲೀವಿಯಾ ಆಟೋದಲ್ಲಿ ಪೆಟ್ಟಿಗೆಗಳ ನಡುವೆ ಆಗಲೇ ಕೂತಿತ್ತು. ಕಲಿತಿದ್ದ ಕನ್ನಡವೆಲ್ಲ ಒಮ್ಮೆಲೇ ಮರೆತುಹೋದಂತೆ ಅಂಬುಜಮ್ಮನನ್ನು ನೋಡಿತು. ಸದ್ಯಕ್ಕೆ ಆಶ್ರಯದ ಹಿಂದಿನ ಉಗ್ರಾಣದಲ್ಲಿ ಇರುತ್ತಾರೆಂದು ಲೂರ್ದುಮೇರಿ ಸುಮಾಳಿಗೆ ಹೇಳಿದ್ದು ಕಿವಿಗೆ ಬಿತ್ತು.

ಪವಮಾನ ಮಾತಿಗೆ ತಪ್ಪಲಿಲ್ಲ. ಹತ್ತನೆಯ ದಿನ ಪಶ್ಚಿಮವಾಹಿನಿಯ ಹೊಳೆಯಲ್ಲಿ ನೀರು ಬಿಟ್ಟ, ಹನ್ನೆರಡನೆಯ ದಿನ ಪಿಂಡ ಸೇರಿಸಿದ, ಹದಿಮೂರರಂದು ಊಟ ಹಾಕಿಸಿದ. ಎಲ್ಲ ಕ್ರಮವಾಗಿ ನಡೆಯಿತು. ವಸಿಷ್ಠ ತಂದೆಯ ಜೊತೆ, ತಾತನ ಜೊತೆ ಸೇರಿದ ಎಂದು ಪುರೋಹಿತರು ಹೇಳಿದರು. ಅಂಬುಜಮ್ಮ ತಮಗೆ ನೆಮ್ಮದಿಯಾಗುವುದನ್ನು ಕಾಯುತ್ತ ಕೂತರು. ಆಗಲಿಲ್ಲ. ಹೋಗುವಾಗ ಪವಮಾನ ಹೇಳಿದ: "ಮೇಲ್ಗಡೆ ಒಳ್ಳೇ ಜನಾನ ನಾನೇ ನೋಡಿ ಕಳಿಸ್ತೀನಿ ಬಿಡಕ್ಕ. ನಮ್ಮವರನ್ನೇ."

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಮಾತೇ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅಂಬುಜಮ್ಮನ ಕಿವಿ ಬಚ್ಚಲ ಕಡೆ ಹೋಗುತ್ತಿತ್ತು, ನಾಲ್ಕಕ್ಕೆ ಮೆಟ್ಟಿಲ ಕಡೆ. ಸೂತಕ ಕಳೆದಿದ್ದರೂ ಅಂಗಳಕ್ಕೆ ಅವರು ಬರಿಯ ನೀರು ಹಾಕಿ ಒಳಗೆ ಬರುತ್ತಿದ್ದರು. ಸುಮಾ ಒಮ್ಮೆ ನೆನಪಿಸಿದಳು. "ಬೆನ್ನು ನೋವು" ಎಂದರು. ಬೆನ್ನು ನಿಜವಾಗಿಯೂ ನೋಯುತ್ತಿತ್ತು.

ಫೆಬ್ರವರಿಯ ಕೊನೆಯ ವಾರ, ಬೆಳಗ್ಗೆ ಹತ್ತರ ಹೊತ್ತಿಗೆ ಫೋನ್ ಬಂತು. ಗೊತ್ತಿಲ್ಲದ ಗಂಡು ದನಿ.

"ನಮಸ್ಕಾರ ಮೇಡಮ್ಮೋರೆ. ನಾನು ಚಿಕ್ಕಬಸವಯ್ಯ ಅಂತ, ಹೂಟಗಳ್ಳಿಯಿಂದ. ಫ್ಯಾಕ್ಟ್ರೀಲಿದ್ದೆ, ರಿಟೈರ್ ಆದೆ, ಎರಡು ಬಾಡಿಗೆ ಮನೆ ಮಡಗಿವ್ನಿ. ಅದೇನೋ ಬ್ರೆಜಿಲ್ ಅಂತೆ, ಗಂಡ ಹೆಂಡ್ತಿ ಒಂದು ಹೆಣ್ಮಗ. ಮನೆ ಬೇಕು ಅಂತ ಬಂದವ್ರೆ. ಮೊದಲು ಎಲ್ಲಿದ್ರಪ್ಪ ಅಂದ್ರೆ ನಿಮ್ಮ ನಂಬರ್ ಕೊಟ್ರು."

"ಅವರೇ ಕೊಟ್ಟರಾ?"

"ಆ ಯಮ್ಮನೇ ಕೊಟ್ಟಿದ್ದು. 'ಅವರು ಸತ್ಯವನ್ನು ನುಡಿಯುತ್ತಾರೆ' ಅಂತ, ನಾಟ್ಕದಲ್ಲಿ ಹೇಳ್ದಂಗೆ ಹೇಳ್ತು." ಚಿಕ್ಕಬಸವಯ್ಯ ನಕ್ಕ. ಅಂಬುಜಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಜನ ಎಂಗೆ ಮೇಡಮ್ಮೋರೆ?"

"ಒಳ್ಳೆಯವರು. ಗಲಾಟೆ ಇಲ್ಲ. ಚೊಕ್ಕಟ."

"ಅಲ್ಲ, ಬ್ರೋಕರ್ರು ಒಂದು ಮಾತಂದ. ನಿಮ್ಮನೇಲಿ ಸಾವಾದಾಗ ಬಾಗಿಲಲ್ಲಿ ಅದೇನೋ ಮಾಟ ಮಾಡವ್ರೆ ಅಂತ. ಉಪ್ಪು ಗಿಪ್ಪು ಸುರುದು."

"ಮಾಟ ಅಲ್ಲ. ನನ್ನ ತಮ್ಮ ಹೋಗೋ ದಾರಿಗೆ ಬಣ್ಣ ಹಾಸಿದ್ದರು. ಅವರ ದೇಶದಲ್ಲಿ ದೇವರಿಗೆ ಹಾಗೆ ಮಾಡ್ತಾರೆ."

"ಓಹೋ... ಹಂಗಾ." ಆ ಕಡೆ ಯಾವುದೋ ಬಸ್ಸಿನ ಹಾರನ್ ಕೇಳಿಸಿತು. "ಅದ್ಸರಿ ಅನ್ನಿ. ಆದ್ರೆ ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡಿ. ಇಷ್ಟು ಒಳ್ಳೇ ಜನ ಅಂದ್ಮೇಲೆ ನೀವ್ಯಾಕೆ ಬುಡ್ಸಿದ್ರಿ?"

ಅಂಬುಜಮ್ಮ ನಿಂತಿದ್ದರು, ಕುರ್ಚಿ ಎಳೆದುಕೊಂಡು ಕೂತರು.

"ಮನೆ ನಮಗೇ ಬೇಕಾಗಿತ್ತು. ತಮ್ಮನ ಮಗ ಬರ್ತಿದಾನೆ."

"ಹೋದ್ರಲ್ಲ, ಆ ತಮ್ಮನೋರ ಮಗನಾ? ಅವರಿಗೆ ಮಗ ಅವ್ನಾ?"

"ಇದಾನೆ" ಎಂದರು ಅಂಬುಜಮ್ಮ. "ಒಬ್ಬನೇ."